ಅಡ್ಡ ಬಂದ ನಾಯಿ

16 ನವೆಂಬರ್, ಭಾನುವಾರ

ಇವತ್ತು ತೀರಿಹೋದ ಅಣ್ಣನ ಶಿವಗಣಾರಾಧನೆ ಮುಗಿಯಿತು. ಬಂದವರಿಗೆಲ್ಲ ಅಪ್ಪ ಅದೇ ಮಾತು ಹೇಳಿದರು: "ಶಿರಾ ಗೇಟ್ ಹತ್ರ ನಾಯಿ ಅಡ್ಡ ಬಂತು." ಅಲ್ಲಿ ನಾಯಿ ಇರಲಿಲ್ಲ. ಅಣ್ಣ ಕುಡಿದು ಬೈಕ್ ಓಡಿಸಿದ್ದ. ವಿಭೂತಿ ಹಚ್ಚುವ ಮನೆಯಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಊಟ ಮುಗಿಸಿ ಹೊರಟ ಲಕ್ಷ್ಮೀಕಾಂತನ ಬಾಯಿಂದ ವಾಸನೆ ಬರುತ್ತಿತ್ತು. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಅಣ್ಣನ ಜೊತೆ ಇದ್ದವನು, ದುಃಖಕ್ಕೆ ಹಾಕಿಕೊಂಡೇ ಬಂದಿದ್ದ. ಅಮ್ಮನಿಗೂ ಗೊತ್ತಾಯಿತು. ಸೆರಗನ್ನು ಮೂಗಿಗೆ ಹಿಡಿದುಕೊಂಡು, "ನಾಯಿಗೀಯಿ ಅಡ್ಡ ಬಂದಾವು, ನೋಡ್ಕೊಂಡು ಹೋಗಪ್ಪ" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಅವನ ಕೈಯಿಂದ ಬೈಕಿನ ಕೀ ಕಿತ್ತುಕೊಂಡೆ.

"ನಾಯಿ ಯಾವ್ದೂ ಇರ್ಲಿಲ್ಲ ಕಾಂತಣ್ಣ. ಅವನೂ ನಿನ್ ಥರಾನೇ ಕುಡ್ದಿದ್ದ. ಬಸ್ಸಲ್ಲಿ ಹೋಗು."

ಅಪ್ಪ ತಲೆ ತಗ್ಗಿಸಿ ಒಳಗೆ ಹೋದರು. ಲಕ್ಷ್ಮೀಕಾಂತ ಅಳುತ್ತಲೇ ಗುಬ್ಬಿ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಊರು ತಲುಪಿದೆ ಎಂದು ಈಗ ಮೆಸೇಜ್ ಹಾಕಿದ್ದಾನೆ. ಅಣ್ಣನಿಂದ ಆ ದಿನ ನಾನು ಕಾದದ್ದು ಇಂಥದೇ ಒಂದು ಮೆಸೇಜಿಗೆ.

ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಲಕ್ಷ್ಮೀಕಾಂತನ ಬೈಕ್ ನಮ್ಮ ಬಾಗಿಲಲ್ಲೇ ನಿಂತಿದೆ. ಕೆಟ್ಟು ನಿಂತಿದೆ ಎಂದು ಪಕ್ಕದ ಮನೆಯವರಿಗೆ ಅಮ್ಮ ಆಗಲೇ ಹೇಳಿಯಾಗಿದೆ.