ಕುಂಕುಮ ಹಚ್ಚಿದ ಕಾರ್ಡು

ಮಿಶ್ರಿಕೋಟಿ
ಮಾರ್ಚ್ ೧೯೮೮

ಚಿರಂಜೀವಿ ತಂಗಿ ಗುರವ್ವಗ,

ನಿನ್ನ ಅಕ್ಕನ ಆಶೀರ್ವಾದ. ‘ನಾವು ಇಲ್ಲಿ ಕ್ಷೇಮ’ ಅಂತ ಬರಿಯೂದು ರೂಢಿ, ಈ ಸಲ ಕೈ ಒಲ್ಲೆ ಅಂತೈತಿ. ಸೋದರಮಾವನ ಮನ್ಯಾಗ ಎಲ್ಲಾರ ಮುಂದ ಇದನ್ನ ಓದಬ್ಯಾಡ.

ಮಂಗಳವಾರ ಇವರು ಫಾರಂ ಹಿಡಕೊಂಡು ನವಲಗುಂದಕ್ಕ ಬರ್ತಾರ. ಅಪ್ಪ ನಮ್ಮಿಬ್ಬರ ಹೆಸರಿಗೆ ಪೋಸ್ಟಿನಾಗ ಇಟ್ಟ ಠೇವಣಿ ಮುರಸಾಕ ನಿನ್ನ ಸಹಿ ಬೇಕು. ಅದ್ರಾಗ ನಿನ್ನ ಮಾಸ್ತರಕಿ ಟ್ರೇನಿಂಗಿನ ರೊಕ್ಕ ಐತಿ ಅನ್ನೂದು ಅವರಿಗೂ ಗೊತ್ತು.

ಎಲ್ಲಾ ಆ ಕಾರ್ಡಿಂದ ಶುರುವಾತು. ಹುಬ್ಬಳ್ಳಿ ಅಂಗಡಿಯೊಂದು ಇವರಂಥ ಪಗಾರದ ಸಾಲಿ ಮಾಸ್ತರರಿಗೆ ಅಂತ ಕೊಟ್ಟಿದ್ದು. ತೋರಿಸಿ ಸಹಿ ಮಾಡಿದರ ಏನ್ ಬೇಕಾದ್ದು ಉದ್ರಿ. ಮೊದಲು ಫ್ಯಾನು, ಆಮ್ಯಾಲ ಟಿ.ವಿ. ನನಗೂ ಇಳಕಲ್ ಸೀರಿ ಬಂತು, ಉಟಗೊಂಡು ಮೆರದೆ, ಸುಳ್ಳ್ಯಾಕ ಹೇಳಲಿ? ದೀಪಾವಳಿ ಲಕ್ಷ್ಮೀ ಪೂಜಿಯೊಳಗ ಆ ಕಾರ್ಡನ್ನೂ ಇಟ್ಟು ನಾನ ಕುಂಕುಮ ಹಚ್ಚಿದೆ. ಸಾಲಕ್ಕ ಆರತಿ ಎತ್ತಿದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಈಗ ತಿಂಗಳಾ ನೂರಕ್ಕ ಮೂರು ಬಡ್ಡಿ. ವಸೂಲಿಗೆ ಶಂಭುಲಿಂಗಪ್ಪ ಅನ್ನಾಂವ ಬರ್ತಾನ. ಬಯ್ಯೂದಿಲ್ಲ, ಒದರೂದಿಲ್ಲ. ಕಟ್ಟಿ ಮ್ಯಾಲ ಕುಂತು ಚಾ ಕುಡೀತಾನ, ಮನಿಯೊಳಗಿನ ಸಾಮಾನ ಒಂದೊಂದ ನೋಡತಾನ. ಕಾರ್ಡಿನ ಮ್ಯಾಲಿನ ಕುಂಕುಮ ನೋಡಿ ಭಾಳ ನಕ್ಕ. ಹೋದ ವಾರ “ಅಕ್ಕಾರ, ನಿಮ್ಮ ತಂಗಿ ಎಲ್ಲಿರ್ತಾರ್ರಿ?” ಅಂತ ಕೇಳಿದ. ನಾನು ಖಾಲಿ ಕಪ್ಪು ತಗೊಂಡು ಒಳಗ ಬಂದು ಬಾಗಲಾ ಹಾಕಿದೆ.

ಲೆಕ್ಕ ಹಿಡದರ ಠೇವಣಿ ಮುರೀಬೇಕು ಅನ್ನೂ ಇವರ ಮಾತು ಖರೆ. ಪೋಸ್ಟಿನವರು ವರ್ಷಕ್ಕ ಕೊಡೂ ಬಡ್ಡಿನ ಅಂಗಡಿಯವ ನಾಕ ತಿಂಗಳದಾಗ ಕಸಗೋತಾನ. ಠೇವಣಿ ಮುರದು ತೀರಿಸೂದ ಶಾಣ್ಯಾತನ. ಆದರ ದೀಪಾವಳಿ ಆದಮ್ಯಾಲ ನನ್ನ ಕೈಯಾಗಿನ ಬಂಗಾರದ ಪಾಟ್ಲಿ ಮಾರಿ ಒಮ್ಮೆ ಪೂರಾ ತೀರಿಸಿದ್ವಿ. ಶಿವರಾತ್ರಿ ಅನ್ನೂದ್ರಾಗ ಮತ್ತ ಅಷ್ಟ ಸಾಲ ಆತು. ಕಾರ್ಡು ಇರೂತನಕ ಎಷ್ಟು ಸುರದರೂ ತೂತ ಬಿದ್ದ ಕೊಡಕ್ಕ ನೀರು ಹಾಕಿಧಂಗ.

ಹರದು ಒಲಿಗೆ ಹಾಕ್ರಿ ಅಂದರ “ಪೂಜಿ ಮಾಡಿದ್ದನ್ನ ಯಾರರ ಹರೀತಾರೇನ?” ಅಂತಾರ. ಇವರಿಲ್ಲದಾಗ ನಾನ ಒಲಿ ಮುಂದ ಹಿಡಕೊಂಡು ಕುಂತೆ, ಕೈ ಬರಲಿಲ್ಲ. ಅದಕ್ಕ ಈ ಪಾಕೀಟಿನಾಗ ಇಟ್ಟೀನಿ. ಪೂಜಿ ಆದದ್ದನ್ನ ನೀರಿಗೆ ಬಿಡಬೇಕು. ಕೆರಿಗೆ ಬಿಟ್ಟು ಬಾ, ಆಮ್ಯಾಲ ಸಹಿ ಮಾಡು.

ಇಷ್ಟು ಬರದು ಅಂಟು ಹಚ್ಚಬೇಕು ಅನ್ನೂದ್ರಾಗ ಶಂಭುಲಿಂಗಪ್ಪ ಬಂದು ಹೋದ. ಪೇಢೆ ಡಬ್ಬಿ ಕೊಟ್ಟ. ತಗದರ ಒಳಗ ಹೊಸಾ ಕಾರ್ಡು, ನನ್ನ ಹೆಸರಿಂದು. ಕುಂಕುಮ ಅವನ ಹಚ್ಚಿಕೊಂಡು ಬಂದಾನ. ಇವರು ಅದನ್ನ ದೇವರ ಜಗಲಿ ಮ್ಯಾಲ ಇಟ್ಟು ಕೈ ಮುಗದರು. ಖರೆ ಹೇಳತೀನಿ ಗುರವ್ವ, ನನಗ ತಿಳಿಯೂದ್ರಾಗ ನನ್ನ ಕೈನೂ ಮುಗದಿದ್ವು.

ಮ್ಯಾಲ ಬರದದ್ದು ಬಿಡು. ಸಹಿ ಮಾಡಬ್ಯಾಡ. ಇವರು ಕೇಳಿದರಷ್ಟ ಅಲ್ಲ, ನಾನ ಬಂದು ನಿನ್ನ ಕಾಲು ಹಿಡದು ಅತ್ತರೂ ಮಾಡಬ್ಯಾಡ.

ನಿನ್ನ ಓದು ಪೂರಾ ಆಗಲಿ, ನಿನ್ನ ಪಗಾರ ನಿನ್ನ ಕೈಯಾಗ ಉಳೀಲಿ.

ಇಂತಿ, ಇವತ್ತಿನ ಮಟ್ಟಿಗೆ ನಿನ್ನ ಅಕ್ಕ,
ಸಾವಿತ್ರೆವ್ವ