ಮೋರೆ ಮೇಲೆತ್ತಿದ ಕೋಲು

ತಾ. ೧೪, ಸೋಮವಾರ

ಮುದ್ದು ಮಗಳಿಗೆ,

ದೇವರು ನಿನ್ನನ್ನೂ ಅಳಿಯಂದಿರನ್ನೂ ಚೆನ್ನಾಗಿಟ್ಟಿರಲಿ. ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಕೊಂಡಿರುತ್ತೀ. ಬಿಡುವಾಗಲಿಲ್ಲ ಅಂದರೆ ಅರ್ಧ ಸುಳ್ಳು. ಧೈರ್ಯ ಬರಲಿಲ್ಲ.

ಅಪ್ಪನ ಬಲಗಣ್ಣು ಹೋಯಿತು ಕಣಮ್ಮ. "ಯಾರ ತಪ್ಪು, ನಿಜ ಹೇಳು" ಅಂತ ಕೇಳಿದ್ದೀಯಲ್ಲ, ಹೇಳ್ತೀನಿ.

ಹದಿನೆಂಟು ವರ್ಷ ಆ ಗಾಲ್ಫ್ ಕ್ಲಬ್ಬಿನ ಕೋಲುಗಳನ್ನು ನಾನು ತೊಳೆದೆ, ಅಪ್ಪ ಹೊತ್ತರು. ಆದರೂ ಸಾಹುಕಾರರು ಹೊಸದಾಗಿ ತಂದ ಹನ್ನೊಂದನೇ ನಂಬರಿನ ಕೋಲು ನನಗೆ ಅರ್ಥವೇ ಆಗಲಿಲ್ಲ. ಹೆಸರು 'ವುಡ್', ಕಟ್ಟಿಗೆ ಚೂರೂ ಇಲ್ಲ. ದೂರ ಹೊಡೆಯೋ ಕೋಲಿನ ಹಾಗೆ ದಪ್ಪ ತಲೆ, ಮೋರೆ ಮಾತ್ರ ಆಕಾಶ ನೋಡುತ್ತೆ.

"ಇದೇನ್ರೀ, ಎತ್ತಿನ ಮೈಗೆ ಮೇಕೆ ಮುಖ ಅಂಟಿಸಿದ ಹಾಗಿದೆ?" ಅಂದೆ.

ಅಪ್ಪ ನಕ್ಕರು. "ತೋಳಲ್ಲಿ ಕಸುವಿಲ್ಲದವರಿಗೆ ಕಣೇ. ಚೆಂಡು ತಾನೇ ಮೇಲಕ್ಕೇರಿ ಮೆತ್ತಗೆ ಇಳಿಯುತ್ತೆ."

ಅದನ್ನು ಗೆಳೆಯರ ಮುಂದೆ ಮೆರೆಸಬೇಕು ಅಂತ ಸಾಹುಕಾರರು ಅಪ್ಪನನ್ನು ಹದಿನೈದು ಹೆಜ್ಜೆ ಮುಂದೆ ನಿಲ್ಲಿಸಿದರು. "ಇವನ ತಲೆ ಮೇಲಿಂದ ದಾಟಿಸ್ತೀನಿ, ನೋಡ್ರೋ! ಲೋ ಗೂಟ, ಅಲ್ಲಾಡಬೇಡ!" ಎಲ್ಲರೂ ಹೋ ಅಂತ ನಕ್ಕರು.

ಚೆಂಡು ಏರಲಿಲ್ಲ. ನೆಟ್ಟಗೆ ಬಂತು. ಅಪ್ಪ ಹುಲ್ಲಲ್ಲಿ ಹೊರಳಾಡುತ್ತಿದ್ದರೆ ಸಾಹುಕಾರರು ಕೋಲು ತಿರುಗಿಸಿ ನೋಡಿ, "ಥೂ, ಇದು ಮೂರನೇ ನಂಬರಿಂದು! ಇದಕ್ಕೆ ಹನ್ನೊಂದರ ಟೋಪಿ ಹಾಕಿದವರು ಯಾರು?" ಅಂದರು.

ತೊಳೆದ ಮೇಲೆ ಕೋಲುಗಳ ತಲೆಗೆ ನಂಬರಿನ ಬಟ್ಟೆ ಟೋಪಿ ಹಾಕುವವಳು ನಾನೇ. ಮೂರನೇದು ದೂರ ಹೊಡೆಯೋ ಕೋಲು, ಚೆಂಡನ್ನು ಅಷ್ಟು ಮೇಲೆತ್ತಲ್ಲ; ಆದರೂ ಅವೆರಡೂ ಮೇಲಿನಿಂದ ನೋಡಿದರೆ ಅಕ್ಕತಂಗಿಯರ ಹಾಗೆ. ಆ ಬೆಳಿಗ್ಗೆ ದೇವರನಾಮ ಹೇಳಿಕೊಂಡು ಒರೆಸುತ್ತಾ ಟೋಪಿ ಅದಲುಬದಲು ಮಾಡಿದೆ. ತಪ್ಪು ನನ್ನದು. ದೇವರ ಮುಂದೆ ಒಪ್ಪಿಕೊಂಡಿದ್ದೀನಿ.

ನಿನ್ನ ಸಂಸಾರ ತಣ್ಣಗಿರಲಿ.

ನಿನ್ನ ಅಮ್ಮ

ಮರೆತ ಮಾತು: ಮರೆತಿರಲಿಲ್ಲ. ಆಸ್ಪತ್ರೆಯಲ್ಲಿ ಅಪ್ಪ ಎರಡು ಕಣ್ಣಿಗೂ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ ಹೇಳಿದರು: "ಟೋಪಿ ತೆಗೆದಾಗಲೇ ಕೋಲು ಬೇರೆ ಅಂತ ಗೊತ್ತಾಯ್ತು ಕಣೇ. ಬಾಯಿ ಬಿಟ್ಟಿದ್ದರೆ ನಿನ್ನನ್ನು ಓಡಿಸ್ತಿದ್ದರು. ಆ ಮನುಷ್ಯ ಹುಟ್ಟಿದಾಗಿನಿಂದ ನೆಟ್ಟಗೆ ಹೊಡೆದವನಲ್ಲ, ಅದಕ್ಕೇ ಸುಮ್ಮನೆ ನಿಂತೆ."

ಮಾರನೇ ದಿನ ಮ್ಯಾನೇಜರು ಕಾಗದ ತಂದರು. 'ನಾನೇ ಹೇಳದೆ ಕೇಳದೆ ಅಡ್ಡ ಬಂದೆ' ಅಂತ ಬರೆದಿತ್ತು. "ಗಂಡನ ಹೆಬ್ಬೆಟ್ಟು ಒತ್ತಿಸು, ನಿನ್ನ ಕೆಲಸ ಉಳಿಯುತ್ತೆ" ಅಂದರು. ಅಪ್ಪನ ಬೆರಳು ನಾನೇ ಹಿಡಿದೆ.

"ಏನೇ ಅದು?" ಅಂದರು.

"ಔಷಧಿ ಚೀಟಿ" ಅಂದೆ.