ಮೊದಲ ಅರ್ಧ ಗಂಟೆಯ ನೀರು

ಉಪ್ಪೇರಿದ ಎಂಬತ್ತೇಳನೆಯ ವರ್ಷ, ಮೀನು ಒಣಗಿಸುವ ತಿಂಗಳು, ಹನ್ನೆರಡನೆಯ ಇಳಿತ
ಕೆಂಗಲ್ಲು ದಿಬ್ಬ, ಅಘನಾಶಿನಿಯ ಹಳೆಯ ಅಳಿವೆ

ಇಪ್ಪತ್ತೊಂದನೆಯ ಶತಮಾನದ ಮೊದಲ ಅರ್ಧದಲ್ಲಿ ಬದುಕಿರುವ ಕನ್ನಡಿಗರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ಕಡಲು ಮೇಲೇರಿ ಕರಾವಳಿಯ ಗದ್ದೆಗಳನ್ನು ನುಂಗಿದ ವರ್ಷವನ್ನು ನಾವು ಒಂದು ಎಂದು ಎಣಿಸುತ್ತೇವೆ. ಅದಕ್ಕೆ ಉಪ್ಪೇರಿದ ವರ್ಷ ಎನ್ನುತ್ತೇವೆ. ದಿನಗಳನ್ನು ಇಳಿತದಿಂದ ಲೆಕ್ಕ ಹಾಕುತ್ತೇವೆ, ಏಕೆಂದರೆ ದೋಣಿ ಬಿಡುವುದೂ ಕೊಳವೆ ಇಳಿಸುವುದೂ ನೀರು ತಿರುಗುವುದನ್ನು ನೋಡಿಕೊಂಡೇ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಬರೆಯುವ ಕನ್ನಡವನ್ನು ನಾನು ಕಲಿತದ್ದು ನಿಮ್ಮಿಂದಲೇ, ಶಾಲೆಯ ಕಪಾಟಿನಲ್ಲಿ ಉಳಿದ ನಿಮ್ಮ ಕಾಲದ ಪತ್ರಿಕೆಗಳಿಂದ. ನಡುವೆ ನಮ್ಮ ಕಾಲದ ಪದ ಬಂದರೆ ಅದರ ಅರ್ಥವನ್ನು ಅಲ್ಲೇ ಹೇಳುತ್ತೇನೆ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ನಲವತ್ತು ವರ್ಷಗಳಿಂದ ಈ ದಿಬ್ಬದ ಮಕ್ಕಳಿಗೆ ಪಾಠ ಹೇಳುತ್ತ ಆ ಸಿಟ್ಟನ್ನು ಆರದಂತೆ ಕಾಪಾಡಿಕೊಂಡು ಬಂದಿದ್ದೇನೆ. ಆದರೆ ಇವತ್ತು ಬರೆಯುತ್ತಿರುವುದು ನಿಮ್ಮನ್ನು ಬಯ್ಯಲಿಕ್ಕಷ್ಟೇ ಅಲ್ಲ. ಬಡಗಣ ದಿಕ್ಕಿನ ಹೊನ್ನೆ ದಿಬ್ಬಕ್ಕೆ ಹೊಸದಾಗಿ ಒಂದು ಸಿಹಿಪೆಟ್ಟಿಗೆ ಬಂದಿದೆ. ನಾಳೆ ಬೆಳಿಗ್ಗೆ ಅದನ್ನು ಚಾಲೂ ಮಾಡುತ್ತಾರೆ. ಅದರಿಂದ ಬರುವ ಮೊದಲ ನೀರನ್ನು ಅಲ್ಲಿಯ ಹನ್ನೊಂದು ಮಂದಿ ಹಿರಿಯರಿಗೆ ಕುಡಿಸುತ್ತಾರೆ. ಕುಡಿಸಿದರೆ ಅವರಲ್ಲಿ ಹೆಚ್ಚಿನವರು ಸಾಯುತ್ತಾರೆ. ಇದು ನನಗೆ ಹೇಗೆ ಗೊತ್ತು, ಹೊನ್ನೆ ದಿಬ್ಬದವರಿಗೆ ಏಕೆ ಗೊತ್ತಿಲ್ಲ ಎಂಬುದೇ ಈ ಪತ್ರದ ವಿಷಯ. ನೀರು ತಿರುಗುವವರೆಗೆ ಅಲ್ಲಿಗೆ ಹೋಗುವ ದೋಣಿ ಹೊರಡುವಂತಿಲ್ಲ. ಅಷ್ಟು ಹೊತ್ತು ನನ್ನ ಕೈಯಲ್ಲಿದೆ.

ಸಿಹಿಪೆಟ್ಟಿಗೆ ಎಂದರೆ ಕಡಲ ನೀರಿನಿಂದ ಉಪ್ಪು ತೆಗೆಯುವ ಯಂತ್ರ. ನಿಮ್ಮ ಕಾಲದಲ್ಲೂ ಇತ್ತು, ಹಡಗುಗಳಲ್ಲಿ, ಸೈನ್ಯದಲ್ಲಿ, ಪ್ರವಾಹದ ಶಿಬಿರಗಳಲ್ಲಿ. ಅಕ್ಕಿ ತುಂಬುವ ಮರದ ಪೆಟ್ಟಿಗೆಯಷ್ಟು ದೊಡ್ಡದು. ಎರಡು ಬಿದಿರಿಗೆ ಕಟ್ಟಿ ನಾಲ್ಕು ಜನ ಹೊರಬಹುದು. ಅದರ ಒಂದು ಕೊಳವೆಯ ತುದಿಗೆ ಜಾಲರಿ ಕಟ್ಟಿ ಇಳಿತದ ಗೆರೆಗಿಂತ ಕೆಳಗೆ ಮುಳುಗಿಸಬೇಕು. ತಳಕ್ಕೆ ತಾಗಿದರೆ ಮರಳು ನುಗ್ಗುತ್ತದೆ, ಮೇಲೆ ತೇಲಿದರೆ ಎಣ್ಣೆಯ ಪೊರೆ ಬರುತ್ತದೆ. ಆದ್ದರಿಂದ ಒಂದು ಬೆಂಡು, ಒಂದು ಕಲ್ಲು ಕಟ್ಟಿ ನಡುನೀರಿನಲ್ಲಿ ನಿಲ್ಲಿಸುತ್ತೇವೆ. ಮೊದಲ ಪಂಪು ನೀರನ್ನು ಎಳೆದು ಎರಡು ಸೋಸುಗಳ ಮೂಲಕ ಹಾಯಿಸುತ್ತದೆ. ಆಮೇಲೆ ದೊಡ್ಡ ಪಂಪು ಅದನ್ನು ಉದ್ದದ ಕೊಳವೆಯೊಳಗಿನ ತೆಳು ಪೊರೆಯ ಮೇಲೆ ಒತ್ತುತ್ತದೆ. ಒಳಗಿನ ಗಾಳಿಯನ್ನೆಲ್ಲ ಬಿಟ್ಟು, ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಒತ್ತಡ ಏರಿಸಬೇಕು. ಅವಸರ ಮಾಡಿದರೆ ಪೊರೆ ಹರಿಯುತ್ತದೆ. ನೂರು ಸಿದ್ದೆ, ಅಂದರೆ ನಿಮ್ಮ ನೂರು ಬಾಟಲಿಯಷ್ಟು, ಕಡಲ ನೀರು ಹೋದರೆ ಮೂವತ್ತು ಸಿದ್ದೆ ಸಿಹಿನೀರು ಬರುತ್ತದೆ. ಉಳಿದದ್ದು ಕಟುನೀರು, ಕಡಲಿಗಿಂತ ಹೆಚ್ಚು ಉಪ್ಪಿನದು. ಅದನ್ನು ಹರಿವಿನ ಕೆಳಗಡೆಗೆ ಬಿಡಬೇಕು. ನಮ್ಮ ಅಳಿವೆಯಲ್ಲಿ ಹರಿವು ದಿನಕ್ಕೆ ನಾಲ್ಕು ಸಲ ತಿರುಗುವುದರಿಂದ ಆ ಕೊಳವೆಯನ್ನೂ ನಾಲ್ಕು ಸಲ ಎತ್ತಿ ಹಾಕಬೇಕು. ಮರೆತರೆ ಪೆಟ್ಟಿಗೆ ತಾನು ಬಿಟ್ಟದ್ದನ್ನೇ ತಾನು ಕುಡಿಯುತ್ತದೆ.

ಹನ್ನೊಂದು ವರ್ಷದ ಹಿಂದೆ ನಮ್ಮ ಕೊನೆಯ ಬಾವಿಯೂ ಉಪ್ಪಾಯಿತು. ಆಗ ದಿಬ್ಬದಲ್ಲಿ ನೂರ ಅರವತ್ತು ಜನ. ಮಳೆನೀರಿನ ತೊಟ್ಟಿಯಿಂದ ತಲೆಗೆ ದಿನಕ್ಕೆ ಒಂದು ಸಿದ್ದೆ ಸಿಗುತ್ತಿತ್ತು. ಕುಡಿಯುವುದು ಅದರಲ್ಲೇ, ಅನ್ನಕ್ಕೂ ಅದರಲ್ಲೇ. ಪಾತ್ರೆಯನ್ನು ಕಡಲ ನೀರಿನಲ್ಲಿ ತೊಳೆದು ಬೂದಿಯಿಂದ ಒರೆಸುತ್ತಿದ್ದೆವು. ಅಕ್ಕಿಗೆ ಒಂದು ಪಾಲು ಕಡಲ ನೀರು ಸೇರಿಸಿ ಬೇಯಿಸುತ್ತಿದ್ದೆವು. ನೆಂಟರು ಬಂದರೆ ತಮ್ಮ ನೀರನ್ನು ತಾವೇ ಸೊಂಟಕ್ಕೆ ಕಟ್ಟಿಕೊಂಡು ಬರುತ್ತಿದ್ದರು. ಕುಡಿಯುವ ನೀರನ್ನು ನೆಲಕ್ಕೆ ಬಿಡುವುದು ಎಲ್ಲ ದಿಬ್ಬಗಳಲ್ಲೂ ಅತಿ ದೊಡ್ಡ ತಪ್ಪು. ಅದಕ್ಕೆ ಚೆಲ್ಲುಗೇಡು ಎಂದು ಹೆಸರು. ಚೆಲ್ಲಿದವರ ಹೆಸರನ್ನು ಒಂದು ತಿಂಗಳು ಯಾರೂ ಕರೆಯುವುದಿಲ್ಲ. ಅವರ ಮನೆಯವರೇ ಅವರನ್ನು 'ಏಯ್' ಎಂದು ಕೂಗುತ್ತಾರೆ. ಇನ್ನೊಂದು ಪದ್ಧತಿಯೂ ಇದೆ. ಹೊಸ ನೀರು ಎಲ್ಲೇ ಸಿಗಲಿ, ಬಾವಿಯೋ ತೊಟ್ಟಿಯೋ, ಮೊದಲು ಕುಡಿಯುವವರು ಎಪ್ಪತ್ತು ದಾಟಿದವರು. ಅವರು ಎಲ್ಲರಿಗಿಂತ ಹೆಚ್ಚು ಕಾಲ ಬಾಯಾರಿದವರು ಎಂಬುದು ಅದರ ನ್ಯಾಯ.

ಆ ವರ್ಷ ದಡದ ಸಂಘದವರು ನಮಗೊಂದು ಪೆಟ್ಟಿಗೆ ಕಳಿಸಿದರು. ಜೊತೆಗೆ ಬಂದ ತರಬೇತಿಯವನು ಒಂದು ಭರತದ ಹೊತ್ತು, ಅಂದರೆ ನೀರು ಏರಿ ಇಳಿಯುವಷ್ಟು ಹೊತ್ತು, ಇದ್ದು ಹೋದ. ಅವನ ಬಳಿ ಕಲಿತವರು ನೇತ್ರಾವತಿ ತಾಂಡೇಲ. ನಾವು ನೇತ್ರಕ್ಕ ಎನ್ನುತ್ತೇವೆ. ದೋಣಿಯ ಎಂಜಿನ್ನನ್ನು ಕಿವಿಯಲ್ಲೇ ಕೇಳಿ ರಿಪೇರಿ ಮಾಡುವ ಹೆಂಗಸು, ಓದು ಬರಹ ಅಷ್ಟಕ್ಕಷ್ಟೆ. ಎಲ್ಲವನ್ನೂ ಜೋಡಿಸಿದ ಮೇಲೆ ಅವರು ಸಭೆಗೆ ಬಂದು ಒಂದು ಅಪ್ಪಣೆ ಕೇಳಿದರು. ಮೊದಲ ಅರ್ಧ ಗಂಟೆಯ ಸಿಹಿನೀರನ್ನು, ಅಂದಾಜು ಮೂವತ್ತು ಸಿದ್ದೆಯನ್ನು, ಬಂಡೆಯ ಮೇಲೆ ಚೆಲ್ಲಬೇಕು. ಯಂತ್ರ ಸುಮ್ಮನೆ ಬಿದ್ದಿರುವಾಗ ಪೊರೆ ಕೊಳೆಯಬಾರದೆಂದು ಒಳಗೆ ಏನೋ ಮದ್ದು ತುಂಬಿಸಿರುತ್ತಾರಂತೆ, ಅದು ತೊಳೆದು ಹೋಗಬೇಕಂತೆ. ಏನು ಮದ್ದು ಎಂದು ಸಭೆ ಕೇಳಿತು. ಅವರಿಗೆ ಹೆಸರು ಗೊತ್ತಿರಲಿಲ್ಲ.

ಆಗ ನಾನು ಎದ್ದು ನಿಂತೆ. ನನ್ನ ಕೈಯಲ್ಲಿ ನಿಮ್ಮ ಪತ್ರಿಕೆಗಳಿದ್ದವು. ಓದಿದೆ. ನೀವು ಕಾರುಗಳನ್ನು ಕುಡಿಯುವ ನೀರಿನಿಂದ ತೊಳೆದದ್ದು, ಮದುವೆಯ ಮನೆಯಲ್ಲಿ ಎರಡು ಗುಟುಕು ಕುಡಿದು ಬಿಟ್ಟ ಬಾಟಲಿಗಳ ರಾಶಿ, ಒಂದು ಕೊಡ ಶುದ್ಧ ನೀರಿಗಾಗಿ ನಿಮ್ಮ ಅಡುಗೆಮನೆಯ ಯಂತ್ರ ಮೂರು ಕೊಡವನ್ನು ಬಚ್ಚಲಿಗೆ ಕಳಿಸಿದ್ದು. ಈ ಪೆಟ್ಟಿಗೆಯ ಪುಸ್ತಕ ಬರೆದವರೂ ಅದೇ ಜನ, ಚೆಲ್ಲುವುದು ಅವರ ರಕ್ತದಲ್ಲಿತ್ತು, ಆ ಕುಲಕ್ಕೆ ನಾವೂ ಸೇರಬೇಕೇ ಎಂದು ಕೇಳಿದೆ. ಚೆನ್ನಾಗಿ ಮಾತಾಡಿದೆ. ಅಷ್ಟು ಚೆನ್ನಾಗಿ ನಾನು ಮೊದಲೂ ಮಾತಾಡಿರಲಿಲ್ಲ, ಆಮೇಲೂ ಇಲ್ಲ. ನೇತ್ರಕ್ಕ ಕೊನೆಯವರೆಗೆ ಕೇಳಿ, "ಮಾಸ್ತರೇ, ನೀವು ಓದಿದ್ದೆಲ್ಲ ಹೌದು. ಆದ್ರೆ ಈ ಪೆಟ್ಟಿಗೆದೊಂದು ಪುಸ್ತಕ ಉಂಟಲ್ಲ, ಅದನ್ನ ಓದಿದ್ರಾ?" ಎಂದರು. ಜನ ನಕ್ಕರು. ಯಂತ್ರದ ಪುಸ್ತಕ ಓದುವುದು ನನ್ನಂಥವನ ಕೆಲಸವಲ್ಲ ಎಂಬ ಭಾವದಲ್ಲಿ ನಾನೂ ನಕ್ಕೆ. ಕೈ ಎತ್ತಿಸಿದಾಗ ಚೆಲ್ಲಬಾರದು ಎಂದವರು ನೂರಕ್ಕೂ ಹೆಚ್ಚು. "ಹೊಟ್ಟೆಗೆ ಹೋದ್ಮೇಲೆ ಚೆಲ್ಲೂಕೆ ಬರೂದಿಲ್ಲ" ಎಂದಷ್ಟೇ ಹೇಳಿ ಅವರು ಇಳಿದು ಹೋದರು.

ಮಾರನೆಯ ಬೆಳಿಗ್ಗೆ ಒಂಬತ್ತು ಮಂದಿ ಹಿರಿಯರು ಬಂಡೆಯ ಮೇಲೆ ಸಾಲಾಗಿ ಕೂತರು. ಅವರಲ್ಲಿ ನನ್ನನ್ನು ಹೆತ್ತ ಅವ್ವಿಯೂ ಇದ್ದಳು, ಒಗೆದ ಸೀರೆ ಉಟ್ಟು. ಉಪ್ಪಿನ ಮಾಪಕದ ಅಂಕಿ ಸರಸರನೆ ಇಳಿದು ಮುನ್ನೂರಕ್ಕೆ ಬಂದು ನಿಂತಿತು. ಐನೂರರ ಕೆಳಗೆ ಬಂದರೆ ಕುಡಿಯಬಹುದು. ಎಲ್ಲರೂ ಹೋ ಎಂದು ಕೂಗಿದರು. ಆ ಮಾಪಕಕ್ಕೆ ಉಪ್ಪೊಂದೇ ಗೊತ್ತು, ಬೇರೇನೂ ಕಾಣುವುದಿಲ್ಲ ಎಂಬುದು ನಮಗೆ ತಿಳಿದಿರಲಿಲ್ಲ. ಸಾಲಿನಲ್ಲಿ ಕೂತಿದ್ದ ಬುದವಂತಜ್ಜ ಲೋಟ ಮೂಸಿ, "ಇದೆಂತ ಮಾರಾಯ್ರೆ, ಕಡ್ಡಿಪೆಟ್ಟಿಗೆ ಗೀರಿದ ವಾಸನೆ. ಎಪ್ಪತ್ತೆಂಟು ವರ್ಷ ಕಾಯ್ಸಿ ಬೆಂಕಿ ಕುಡಿಸ್ತ್ರಾ?" ಎಂದು ಎಲ್ಲರನ್ನೂ ನಗಿಸಿದರು, ಒಂದು ಗುಟುಕು ಕುಡಿದು ಉಳಿದದ್ದನ್ನು ಪಕ್ಕದವರಿಗೆ ದಾಟಿಸಿದರು. ಅವ್ವಿ ಪೂರ್ತಿ ಕುಡಿದಳು. ನಿಧಾನವಾಗಿ, ಕಣ್ಣು ಮುಚ್ಚಿಕೊಂಡು ಕುಡಿದಳು. "ಸಿಹಿ ಉಂಟು ಮಗಾ, ಮೂಗಿಗೆ ಸ್ವಲ್ಪ ಹೊಡೀತದೆ. ನೀನೂ ಒಂಚೂರು ಕುಡಿ" ಎಂದು ತಳದಲ್ಲಿ ಉಳಿದ ಗುಟುಕನ್ನು ನನ್ನ ಕಡೆ ಹಿಡಿದಳು. ಅದು ಹಿರಿಯರ ಪಾಲು ಎಂದು ನಾನು ಮುಟ್ಟಲಿಲ್ಲ. ಅವಳೇ ಕುಡಿದಳು.

ಮಧ್ಯಾಹ್ನಕ್ಕೆ ಗಂಟಲು ಉರಿ, ಆಮೇಲೆ ವಾಂತಿ, ಆಮೇಲೆ ಉಸಿರು ಸಿಗದೆ ಏದುವುದು. ಚಾಪೆಯ ಪಕ್ಕ ಕೂತು ನಾನು ಆ ಪುಸ್ತಕ ಬಿಡಿಸಿದೆ. ನಾಲ್ಕು ಭಾಷೆಗಳಲ್ಲಿತ್ತು, ಕನ್ನಡ ಇರಲಿಲ್ಲ. ನಿಮ್ಮ ಕಾಲದ ಪುಸ್ತಕವನ್ನೇ ಚಿತ್ರದ ಸಮೇತ ಮೂರು ತಲೆಮಾರು ನಕಲು ಮಾಡುತ್ತ ಬಂದಿದ್ದಾರೆ. ನೀವು ಕನ್ನಡದಲ್ಲಿ ಅಚ್ಚು ಹಾಕಿಸಿರಲಿಲ್ಲ, ಆದ್ದರಿಂದ ಮುಂದಿನ ಯಾರೂ ಹಾಕಿಸಲಿಲ್ಲ. ಇಂಗ್ಲಿಷು ನನಗೆ ತಡವರಿಸಿ ಓದಲು ಬರುತ್ತದೆ. ನಲವತ್ತೊಂದನೆಯ ಪುಟದಲ್ಲಿ, ಬೋಲ್ಟಿಗೆ ಎಣ್ಣೆ ಹಚ್ಚುವ ಮಾತಿಗೂ ಪೆಟ್ಟಿಗೆಗೆ ಬಣ್ಣ ಬಳಿಯುವ ಮಾತಿಗೂ ನಡುವೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಆ ವಾಕ್ಯ ಇತ್ತು. ಮೊದಲ ಮೂವತ್ತು ನಿಮಿಷದ ನೀರನ್ನು ಯಾರೂ ಕುಡಿಯಬಾರದು, ಚೆಲ್ಲಬೇಕು. ನಾನು ಅದನ್ನು ಓದಿ ಮುಗಿಸುವಾಗ ಅವ್ವಿ ನನ್ನನ್ನೇ ನೋಡುತ್ತಿದ್ದಳು. ಏನು ಬರೆದಿದೆ ಎಂದು ಕೇಳಿದಳು. ಏನಿಲ್ಲ ಎಂದೆ. ಎರಡನೆಯ ದಿನ ಅವಳು ಹೋದಳು. ಒಟ್ಟು ಐದು ಮಂದಿ ಹೋದರು.

ನೇತ್ರಕ್ಕ ಯಾರನ್ನೂ ಕೇಳದೆ ಆರು ಗಂಟೆ ನೀರು ಚೆಲ್ಲಿದರು. ಆಮೇಲೆ ತಾವೇ ಮೊದಲು ಕುಡಿದು, ಕೊಡಗಳನ್ನು ತುಂಬಿಸಿ ಬಂಡೆಯ ಮೇಲೆ ಸಾಲಾಗಿ ಇಟ್ಟು ಕೂತರು. ಎರಡು ದಿನ ಕುಡಿಯಲು ಯಾರೂ ಅಲ್ಲಿಗೆ ಹೋಗಲಿಲ್ಲ. ತೊಟ್ಟಿ ಬರಿದಾಗಿತ್ತು, ಮಕ್ಕಳ ತುಟಿ ಒಡೆದಿತ್ತು. ಆದರೂ ಹೋಗಲಿಲ್ಲ. ಮೂರನೆಯ ದಿನ ಬುದವಂತಜ್ಜ ಕೋಲೂರಿಕೊಂಡು ಹೋಗಿ, "ತಾ ಇಲ್ಲಿ. ಕೊಂದದ್ದು ನೀನಲ್ಲ, ಎತ್ತಿದ ಕೈಗಳು" ಎಂದು ಗಟಗಟನೆ ಕುಡಿದು, ಅಲ್ಲೇ ಸಂಜೆಯವರೆಗೆ ಕೂತರು, ಬದುಕಿದ್ದೇನೆ ಎಂದು ಎಲ್ಲರಿಗೂ ಕಾಣಲಿ ಎಂದು. ಹಾಗೆ ದಿಬ್ಬ ಉಳಿಯಿತು.

ಸಭೆಯ ವರದಿ ಬರೆಯುವವನು ನಾನು. ಆ ವಾರ ನಾನು ಬರೆದದ್ದು ಹೀಗೆ: 'ಯಂತ್ರ ನಡೆಸುವವರ ಅಜಾಗರೂಕತೆಯಿಂದ ಐದು ಸಾವು.' ಒಂದೇ ಸಾಲು. ಚೆಲ್ಲುವ ಅಪ್ಪಣೆ ಕೇಳಿದ್ದು, ನಾನು ಮಾತಾಡಿದ್ದು, ಕೈ ಎತ್ತಿದ್ದು, ಏನೂ ಬರೆಯಲಿಲ್ಲ. ಓದಿದಾಗ ಊರು ಒಪ್ಪಿತು, ಏಕೆಂದರೆ ಎತ್ತಿದ ಕೈಗಳು ಹೆಚ್ಚುಕಡಿಮೆ ಎಲ್ಲರವೂ ಆಗಿದ್ದವು. ನೇತ್ರಕ್ಕನನ್ನು ಪೆಟ್ಟಿಗೆಯಿಂದ ತೆಗೆದರು. ಅವರು ತಮ್ಮ ಶಿಷ್ಯೆಗೆ ಎಲ್ಲ ಕಲಿಸಿಕೊಟ್ಟು ದಿಬ್ಬದ ಆಚೆ ಬದಿಗೆ ಹೋಗಿ ಬಲೆ ಹೆಣೆಯುತ್ತ ಉಳಿದರು. ನಮ್ಮಲ್ಲಿ ಈಗ ಪ್ರತಿ ಸಲ ಪೆಟ್ಟಿಗೆ ತೆರೆದಾಗ ಅರ್ಧ ಗಂಟೆ ಚೆಲ್ಲುತ್ತಾರೆ, ಆದರೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೊರಗಿನವರು ಕಂಡಾರೆಂಬ ಭಯದಿಂದ ಗೋಣಿ ಅಡ್ಡ ಕಟ್ಟುತ್ತಾರೆ. ಆ ಸದ್ದು ಮಾತ್ರ ಶಾಲೆಯವರೆಗೂ ಕೇಳಿಸುತ್ತದೆ. ಒಳ್ಳೆಯ ನೀರು ಬಂಡೆಗೆ ಬೀಳುವ ಸದ್ದು. ಆಗ ನಾನು ಪಾಠ ನಿಲ್ಲಿಸುತ್ತೇನೆ. ಮುಗಿಯುವವರೆಗೂ ಅವ್ವಿ ನನ್ನನ್ನು ನೋಡುತ್ತಿರುತ್ತಾಳೆ, ಏನು ಬರೆದಿದೆ ಎಂದು ಕೇಳುತ್ತಿರುತ್ತಾಳೆ.

ವರದಿಗಳ ನಕಲು ಎಲ್ಲ ದಿಬ್ಬಗಳಿಗೂ ಹೋಗುತ್ತದೆ. ಹೊನ್ನೆ ದಿಬ್ಬದವರು ನನ್ನ ಸಾಲನ್ನು ಓದಿದ್ದಾರೆ. ಓದಿ, ಬಹಳ ಜಾಗರೂಕನಾದ ಒಬ್ಬ ಮನುಷ್ಯನನ್ನು ಯಂತ್ರಕ್ಕೆ ಆರಿಸಿದ್ದಾರೆ. ಅವನು ಒಂದು ಹನಿಯನ್ನೂ ಚೆಲ್ಲುವುದಿಲ್ಲವಂತೆ. ನಿನ್ನೆ ಅಲ್ಲಿಂದ ಬಂದ ಮೀನುಗಾರರು ಹೊಗಳಿ ಹೇಳಿದರು.

ನಾನು ಕೂಡಲೇ ಆಚೆ ಬದಿಗೆ ಹೋದೆ. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ನೇತ್ರಕ್ಕನ ಅಂಗಳದಲ್ಲಿ ನಿಂತೆ. ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಬಲೆಯಿಂದ ತಲೆ ಎತ್ತದೆ, "ಅದೆಲ್ಲ ಆಮೇಲೆ ಮಾಸ್ತರೇ. ನಾನೊಬ್ಳೇ ಹೋಗಿ ಹೇಳಿದ್ರೆ ಕೊಂದವಳು ಬಂದ್ಲು ಅಂತಾರೆ. ನೀವು ಬರ್ಬೇಕು. ಬಂದು ನಿಮ್ ಬಾಯಲ್ಲೇ ಹೇಳ್ಬೇಕು" ಎಂದರು. ಇವತ್ತು ಬೆಳಿಗ್ಗೆ ನಮ್ಮ ಸಭೆಯಲ್ಲಿ ಹಳೆಯ ಸಾಲನ್ನು ಹೊಡೆದುಹಾಕಿ, ಆದದ್ದನ್ನು ಆದ ಹಾಗೆ ಬರೆದು ಓದಿದೆ. ಸಹಿ ಹಾಕಲು ಏಳು ಮಂದಿ ಮಾತ್ರ ಮುಂದೆ ಬಂದರು. ಅಷ್ಟು ಸಾಕು, ಕಾಗದ ನನ್ನ ಚೀಲದಲ್ಲಿದೆ.

ನೀವು ಚೆಲ್ಲಿದಿರಿ, ನಿಜ. ನಿಮ್ಮ ಚೆಲ್ಲಾಟಕ್ಕೆ ಹೆದರಿ ನಾವು ಚೆಲ್ಲದಿರುವುದನ್ನೇ ದೇವರು ಮಾಡಿಕೊಂಡೆವು. ನಿಮ್ಮನ್ನು ನಾನು ನೂರ ಅರವತ್ತು ಜನರ ಮುಂದೆ ಕಟಕಟೆಯಲ್ಲಿ ನಿಲ್ಲಿಸಿದೆ, ಉತ್ತರ ಹೇಳಲು ನೀವು ಅಲ್ಲಿರಲಿಲ್ಲ. ಅದಕ್ಕಾಗಿಯೇ ಈ ಪತ್ರ. ನನ್ನ ಸಿಟ್ಟು ಸುಳ್ಳಲ್ಲ, ಈಗಲೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಸರಿಯಾದ ಸಿಟ್ಟಿನಿಂದಲೂ ಮನುಷ್ಯ ತನ್ನ ತಾಯಿಯನ್ನು ಕೊಲ್ಲಬಹುದು ಎಂದು ನನಗೆ ಗೊತ್ತಿರಲಿಲ್ಲ.

ನಿಮ್ಮಲ್ಲಿ ಒಂದೇ ಕೋರಿಕೆ. ಇಂಥ ಪೆಟ್ಟಿಗೆಗಳು ನಿಮ್ಮ ಕರಾವಳಿಗೂ ಬರುತ್ತವೆ, ಬಂದಿರಲೂಬಹುದು. ಆಗ ಆ ಒಂದು ಸಾಲನ್ನು ಕನ್ನಡದಲ್ಲಿ ಬರೆಯಿಸಿ. ಪುಸ್ತಕದ ಒಳಗಲ್ಲ, ಕಬ್ಬಿಣದ ಮೇಲೆ, ಸಿಹಿನೀರು ಬರುವ ಬಾಯಿಯ ಪಕ್ಕದಲ್ಲೇ, ಅಜ್ಜಿಯಂದಿರಿಗೂ ಕಾಣುವಷ್ಟು ದೊಡ್ಡದಾಗಿ. ಕನ್ನಡ ಓದುವವರು ಎಷ್ಟು ಜನ ಇದ್ದಾರೆ ಎಂದು ಯಾರಾದರೂ ಕೇಳಿದರೆ, ನಾಳೆ ಬೆಳಿಗ್ಗೆಗೆ ಹನ್ನೊಂದು ಜನ ಇದ್ದಾರೆ ಎಂದು ಹೇಳಿ.

ನೀರು ತಿರುಗಿತು. ನೇತ್ರಕ್ಕ ಆಗಲೇ ದೋಣಿಯಲ್ಲಿ ಕೂತು ನನಗೆ ಜಾಗ ಬಿಟ್ಟಿದ್ದಾರೆ, ಕೂಗುತ್ತಿದ್ದಾರೆ. ಹೊನ್ನೆ ದಿಬ್ಬದವರು ನಮ್ಮ ಮಾತು ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ. ಕೇಳದಿದ್ದರೆ ಆ ಸಾಲಿನಲ್ಲಿ ಮೊದಲು ನಾನು ಹೋಗಿ ಕೂರುತ್ತೇನೆ, ಮೊದಲ ಲೋಟ ನನಗೆ ಕೊಡಿ, ಸಂಜೆಯವರೆಗೆ ಕಾಯಿರಿ, ಆಮೇಲೆ ನಿಮ್ಮ ಹಿರಿಯರಿಗೆ ಕೊಡಿ ಎನ್ನುತ್ತೇನೆ. ನೇತ್ರಕ್ಕನಿಗೆ ಇದನ್ನು ಇನ್ನೂ ಹೇಳಿಲ್ಲ.

ಬರುತ್ತೇನೆ.

ಉಮಾಕಾಂತ ಹರಿಕಂತ್ರ
ಕೆಂಗಲ್ಲು ದಿಬ್ಬದ ಶಾಲೆ